ಮುಳುಗಿದ ಹಡಗಿಗೆ ಗಾಳಿಯ ಆಸರೆ

ಬಾವಿಯಲ್ಲಿ ಈಜು ಕಲಿಯುವ ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಉಂಟು. ಅವನನ್ನು ಎತ್ತಿಹಿಡಿಯುವ ಶಕ್ತಿಯಿರುವುದು ಆ ಬುರುಡೆಯೊಳಗಿನ ಬಯಲಿನಲ್ಲಿ. ನೀರಿನಲ್ಲಿಟ್ಟ ವಸ್ತುವನ್ನು, ಅದು ಸರಿಸಿದ ನೀರಿನ ತೂಕದಷ್ಟೇ ಬಲವು ಮೇಲಕ್ಕೆ ನೂಕುವುದೆಂದು ಆರ್ಕಿಮಿಡೀಸನು ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲೇ ತೋರಿಸಿಕೊಟ್ಟನು. ಹಡಗು ಒಡೆದಾಗ ಗಾಳಿಯಿದ್ದ ಎಡೆಯನ್ನೆಲ್ಲ ನೀರು ಆಕ್ರಮಿಸುತ್ತದೆ. ಆ ನೀರನ್ನು ಹೊರದೂಡಿ ಗಾಳಿಗೆ ಮರಳಿ ಎಡೆಮಾಡಿಕೊಡುವುದೇ ಹಡಗನ್ನುಳಿಸುವ ವಿದ್ಯೆಯ ಸಾರ. ಈ ವಿದ್ಯೆಯ ಚರಿತ್ರೆ ಬಹು ಸ್ವಾರಸ್ಯವಾದುದು.

೧೮೪೯ರ ಮೇ ೨೨ರಂದು ಅಮೆರಿಕದಲ್ಲಿ ೬೪೬೯ನೆಯ ಸಂಖ್ಯೆಯ ಪೇಟೆಂಟೊಂದು ಮಂಜೂರಾಯಿತು. ನದಿಯ ಮರಳದಿಣ್ಣೆಗೆ ಸಿಕ್ಕಿದ ಹಡಗಿನ ಎರಡು ಪಕ್ಕಗಳಲ್ಲಿಯೂ, ಕಮ್ಮಾರನ ತಿದಿಯಂತೆ ಹಿಗ್ಗುವ, ನೀರು ಹೋಗದ ಚೀಲಗಳನ್ನಿಟ್ಟು ಅದನ್ನು ಮೇಲೆತ್ತುವ ಉಪಾಯವದು. ಅದನ್ನು ಕಂಡುಹಿಡಿದ ವಕೀಲರೇ ಮುಂದೆ ಆ ದೇಶದ ಅಧ್ಯಕ್ಷರಾದ ಅಬ್ರಹಾಂ ಲಿಂಕನ್. ಆ ಯಂತ್ರವು ಮಾದರಿಯಾಗಿಯೇ ಉಳಿಯಿತು.

ಈ ವಿದ್ಯೆಗೆ ಕಠಿಣ ಪರೀಕ್ಷೆ ಒದಗಿದ್ದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಸ್ಕಾಪಾ ಫ್ಲೋ ಎಂಬ ಕೊಲ್ಲಿಯಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯ ೭೪ ಯುದ್ಧನೌಕೆಗಳನ್ನು ಅಲ್ಲಿ ತಡೆದಿಟ್ಟಿದ್ದರು. ಅವು ಶತ್ರುವಿನ ಪಾಲಾಗಬಾರದೆಂದು ಜರ್ಮನ್ ನೌಕಾಧಿಪತಿ ಫಾನ್ ರಾಯ್ಟರ್ ೧೯೧೯ರ ಜೂನ್ ೨೧ರಂದು ಗುಪ್ತ ಸಂಜ್ಞೆ ಕೊಟ್ಟು, ನಾವಿಕರಿಂದಲೇ ೫೨ ಹಡಗುಗಳನ್ನು ಮುಳುಗಿಸಿದನು. ೧೯೨೪ರಲ್ಲಿ ಅವುಗಳನ್ನೆತ್ತಲು ಹೊರಟ ಅರ್ನೆಸ್ಟ್ ಕಾಕ್ಸ್ ಹಳೆಯ ಲೋಹದ ವ್ಯಾಪಾರಿ. ಅದುವರೆಗೆ ಒಂದು ಹಡಗನ್ನೂ ಎತ್ತಿದವನಲ್ಲ!

ಚಿಕ್ಕ ಹಡಗುಗಳನ್ನು ಉಕ್ಕಿನ ತಂತಿಹಗ್ಗ ಹಾಕಿ ಎತ್ತಿದ್ದಾಯಿತು. ದೊಡ್ಡವುಗಳಿಗೆ ಆ ಉಪಾಯ ಸಾಲದು. ತಲೆಕೆಳಗಾಗಿ ಬಿದ್ದಿದ್ದ ‘ಮೋಲ್ಟ್ಕೆ’ಯ ರಂಧ್ರಗಳನ್ನು ಮುಚ್ಚಿ ಒಳಕ್ಕೆ ಗಾಳಿಯನ್ನು ಒತ್ತಿ ತುಂಬಿದರು. ಗಾಳಿಯೆಲ್ಲ ಒಂದೇ ಕಡೆಗೆ ಓಡಿ ಹಡಗು ವಾಲಿತು. ಆಮೇಲೆ ಒಡಲನ್ನು ಪ್ರತ್ಯೇಕ ಕೋಣೆಗಳಾಗಿ ವಿಭಾಗಿಸಿ ೧೯೨೭ರಲ್ಲಿ ಅದನ್ನು ತೇಲಿಸಿದರು. ‘ಹಿಂಡೆನ್‌ಬರ್ಗ್’ ಹಡಗಿನಲ್ಲಿ ನೂರಾರು ತೂತುಗಳು. ಸಂದುಗಳಿಗೆ ಮೆತ್ತಿದ ಕೊಬ್ಬನ್ನು ಮೀನುಗಳು ತಿಂದುಹಾಕಿದವು. ಅದಕ್ಕೆ ಸಿಮೆಂಟು ಬೆರೆಸಿದ ಮೇಲೆ ಅವುಗಳ ಕಾಟ ತಪ್ಪಿತು. ೧೯೨೬ರಲ್ಲಿ ಸೋತ ಕೆಲಸ ೧೯೩೦ರಲ್ಲಿ ಗೆದ್ದಿತು. ಕೀರ್ತಿ ಬಂದರೂ ಕಾಕ್ಸನಿಗೆ ಲಾಭ ಬರಲಿಲ್ಲ.

ಪ್ರತಿಯೊಂದು ತೂತನ್ನೂ ಮುಚ್ಚಬೇಕಾದ ಈ ತೊಡಕಿಗೆ ಪರಿಹಾರ ಕಂಡದ್ದು ೧೯೬೪ರಲ್ಲಿ. ಕುವೈತ್ ಬಂದರಿನಲ್ಲಿ ಸಾವಿರಾರು ಕುರಿಗಳನ್ನು ಹೊತ್ತ ‘ಅಲ್ ಕುವೈತ್’ ಹಡಗು ಮುಳುಗಿತು. ಆ ನಗರವು ಸಮುದ್ರದ ನೀರನ್ನೇ ಸಿಹಿ ಮಾಡಿ ಕುಡಿಯುತ್ತಿತ್ತು. ಕೊಳೆಯುವ ಕುರಿಗಳಿಂದ ಆ ನೀರೇ ಕೆಡುವ ಭಯ. ಹಡಗನ್ನು ಎಳೆದೆತ್ತಲು ಹೋದರೆ ಒಡಲು ಸೀಳಿ ಅನರ್ಥವಾಗಬಹುದು. ಆಗ ಕಾರ್ಲ್ ಕ್ರೋಯರ್ ಎಂಬ ಡೆನ್ಮಾರ್ಕಿನ ಸಂಶೋಧಕನು ಹಗುರವಾದ ಪ್ಲಾಸ್ಟಿಕ್ ನೊರೆಯ ಪುಟ್ಟ ಗುಂಡುಗಳನ್ನು ಕೊಳವೆಯ ಮೂಲಕ ಒಡಲಿಗೆ ತುಂಬಿಸಿದನು. ಗಾಳಿಯಾದರೆ ಸಣ್ಣ ಬಿರುಕಿನಿಂದಲೂ ನುಸುಳಿಹೋಗುವುದು. ಗಾಳಿಯನ್ನು ಬಸಿರಲ್ಲಿಟ್ಟುಕೊಂಡ ಗುಂಡು ಒಳಗೇ ನಿಲ್ಲುವುದು. ಹಡಗು ಮೇಲೆದ್ದಿತು. ವಿನೋದವೆಂದರೆ, ೧೯೪೯ರ ಡೊನಾಲ್ಡ್ ಡಕ್ ಚಿತ್ರಕಥೆಯೊಂದರಲ್ಲಿ ಪಿಂಗ್‌ಪಾಂಗ್ ಚೆಂಡುಗಳಿಂದ ಮುಳುಗಿದ ನೌಕೆಯನ್ನು ಎತ್ತುವ ಪ್ರಸಂಗವಿದೆ!

೨೦೧೨ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ತಗುಲಿ ಮಗ್ಗುಲಾಗಿ ಬಿದ್ದಿತು. ಅದರ ಎರಡು ಪಕ್ಕಗಳಲ್ಲಿಯೂ ಉಕ್ಕಿನ ಭಾರಿ ಪೆಟ್ಟಿಗೆಗಳನ್ನು ಕಟ್ಟಿ, ಅವುಗಳೊಳಗಿನ ನೀರನ್ನು ಗಾಳಿಯಿಂದ ಹೊರದೂಡಿ, ೨೦೧೪ರ ಜುಲೈಯಲ್ಲಿ ಹಡಗನ್ನು ತೇಲಿಸಿದರು. ಲಿಂಕನ್ನರ ಚೀಲಗಳಿಗೆ ಇವು ದೂರದ ನೆಂಟರು. ಆದರೆ ಆ ಅಪಘಾತದಲ್ಲಿ ಮಡಿದ ೩೨ ಮಂದಿಯನ್ನು ಯಾವ ಗಾಳಿಯೂ ಮರಳಿ ತರಲಾರದು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯೆನ್ನುತ್ತಾರೆ. ಆ ಆಸರೆ ಮುಳುಗುವ ಮುನ್ನವೇ ಕೈಗೆಟುಕಬೇಕು. ಗಾಯಗೊಂಡ ಹಡಗನ್ನು ಜನರೆಲ್ಲ ಇಳಿಯುವಷ್ಟು ಹೊತ್ತಾದರೂ ತೇಲಿಸಿ ನಿಲ್ಲಿಸುವುದೇ ಈ ವಿದ್ಯೆಯ ಪರಮ ಪ್ರಯೋಜನ.