ಕಿವಿಯೇ ಕಣ್ಣಾದ ಕಥೆ

ಆದೋನಿ, ಆಲೂರು, ಹೊಳಗುಂದ, ಕೌತಾಳಂ ಕಡೆ ಮನೆ ಕಟ್ಟಿಸಿದವರಿಗೆ ಬೇತಂಚೆರ್ಲ ಕಲ್ಲಿನ ಪರಿಚಯ ಹೇಳಬೇಕಾಗಿಲ್ಲ. ನೆಲಕ್ಕೆ ಹಾಸುವ ಆ ಬಂಡೆ ಸುಣ್ಣಕಲ್ಲಿನ ಜಾತಿಯದು. ಸುಣ್ಣಕಲ್ಲು ಇದ್ದಲ್ಲಿ ನೀರು ಅದನ್ನು ತಿಂದು ತಿಂದು ಗವಿ ಮಾಡುತ್ತದೆ. ಬೇತಂಚೆರ್ಲದ ಹತ್ತಿರ ಹಾಗೆ ಆದವೇ ಬಿಲ್ಲಸುರ್ಗಂ ಗವಿಗಳು. 2022ರಿಂದ ಆ ಊರು ನಂದ್ಯಾಲ ಜಿಲ್ಲೆಯ ಲೆಕ್ಕಕ್ಕೆ ಹೋಗಿದೆ. ಅದಕ್ಕೆ ಮುಂಚೆ ಕರ್ನೂಲಿನದೇ.

ಇವತ್ತು ನಾನು ಹೇಳಲಿರುವುದು ಕಡಲಿನ ಆಳಕ್ಕೆ ಇಳಿಯುವ ತಿಮಿಂಗಿಲಗಳ ಸಂಗತಿ. ಕೆರೆ ತುಂಬಿದರೆ ಹಬ್ಬ ಮಾಡುವ ಸೀಮೆಯಲ್ಲಿ ತಿಮಿಂಗಿಲದ ಮಾತೇಕೆ ಎಂದು ನಗಬೇಡಿ. ಗವಿಯ ಬಾವಲಿಯನ್ನು ತಿಳಿದ ಮೇಲೆಯೇ ಮನುಷ್ಯನಿಗೆ ಆ ತಿಮಿಂಗಿಲ ಅರ್ಥವಾದದ್ದು.

ಬಿಲ್ಲಸುರ್ಗಂ ಗವಿಯಲ್ಲಿ ಹಳೆಯ ಎಲುಬುಗಳಿವೆ ಎಂದು 1844ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಬರೆದಿದ್ದರು. ನಲವತ್ತು ವರ್ಷ ಯಾರೂ ಅತ್ತ ನೋಡಲಿಲ್ಲ. 1884ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಬಂದರು. ಅವರ ಮಗ ಹೆನ್ರಿ ಅಲ್ಲೇ ಉಳಿದು ಅಗೆಸಿದರು. ಬಳ್ಳಾರಿ ಜಿಲ್ಲೆಯ ಕಲ್ಲು ಮಣ್ಣಿನ ಚರಿತ್ರೆ ಬರೆದವರೂ ಇದೇ ಫೂಟ್. ಆಗ ಆದೋನಿ ಆಲೂರುಗಳೂ ಬಳ್ಳಾರಿಗೇ ಸೇರಿದ್ದವು, 1953ರ ಅಕ್ಟೋಬರ್ 1ರಂದು ಬೇರೆಯಾಗುವ ತನಕ. ಸಿಕ್ಕ ಎಲುಬುಗಳನ್ನು ಲಿಡೆಕರ್ ಎಂಬ ವಿದ್ವಾಂಸರು 1886ರಲ್ಲಿ ವಿವರಿಸಿದರು. ಕರ್ನೂಲಿನ ಹೆಸರು ಹೊತ್ತ ಒಂದು ಘೇಂಡಾಮೃಗ ಅವುಗಳಲ್ಲಿತ್ತು, ಬಾವಲಿಗಳೂ ಇದ್ದವು.

ಬಾವಲಿ ಅನ್ನಿ, ಗಬ್ಬಿಲಂ ಅನ್ನಿ, ಅದು ಕಗ್ಗತ್ತಲಲ್ಲಿ ಗೋಡೆಗೆ ತಾಗದೆ ಹೇಗೆ ಹಾರುತ್ತದೆ? ಫೂಟ್ ಅವರ ಕಾಲದ ಪಂಡಿತರಿಗೆ ಇದು ಗೊತ್ತಿರಲಿಲ್ಲ. ಸೋಜಿಗವೆಂದರೆ, ಉತ್ತರ ಅದಕ್ಕೂ 90 ವರ್ಷ ಹಿಂದೆಯೇ ಸಿಕ್ಕಿ ಕಳೆದುಹೋಗಿತ್ತು. ಇಟಲಿಯ ಸ್ಪಲ್ಲಾಂಜಾನಿ 1793ರಲ್ಲಿ ಬಾವಲಿಗಳ ಕಣ್ಣು ತೆಗೆದು ಹಾರಿಸಿ ನೋಡಿದರು. ಕ್ರೂರ ಕೆಲಸವೇ, ಒಪ್ಪೋಣ. ಆದರೆ ಕಣ್ಣಿಲ್ಲದ ಬಾವಲಿಗಳು ಹೊರಗೆ ಹೋಗಿ ಹೊಟ್ಟೆ ತುಂಬ ಹುಳು ಹಿಡಿದು ಬಂದವು. ಮರುವರ್ಷ ಜಿನೀವಾದ ಜೂರೀನ್ ಕಿವಿ ಮುಚ್ಚಿ ಬಿಟ್ಟರು. ಈಗ ಅವು ಸಿಕ್ಕಸಿಕ್ಕದ್ದಕ್ಕೆ ಡಿಕ್ಕಿ ಹೊಡೆದವು. ಅಂದರೆ ಬಾವಲಿಗೆ ಕಿವಿಯೇ ಕಣ್ಣು! ಆದರೆ ಪ್ಯಾರಿಸ್ಸಿನ ಘನ ಪಂಡಿತ ಕ್ಯೂವಿಯೆ 1795ರಲ್ಲಿ, ತಾವೇನೂ ಪ್ರಯೋಗ ಮಾಡದೆ, ಇದೆಲ್ಲ ರೆಕ್ಕೆಯ ತೊಗಲಿನ ಸ್ಪರ್ಶಜ್ಞಾನ ಎಂದುಬಿಟ್ಟರು. ದೊಡ್ಡವರ ಮಾತು, ನೂರು ವರ್ಷಕ್ಕೂ ಮಿಕ್ಕಿ ಅದೇ ನಡೆಯಿತು. ಈ ಕ್ಯೂವಿಯೆ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

1938ರಲ್ಲಿ ಅಮೆರಿಕದ ಹಾರ್ವರ್ಡ್‌ನ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್, ಕಿವಿಗೆ ಕೇಳದ ಸದ್ದನ್ನು ಹಿಡಿಯುವ ಯಂತ್ರದ ಮುಂದೆ ಬಾವಲಿಗಳನ್ನು ಇಟ್ಟರು. ಮೌನ ಎಂದುಕೊಂಡಿದ್ದ ಪ್ರಾಣಿ ಎಡೆಬಿಡದೆ ಕೂಗುತ್ತಿತ್ತು! 1941ರಲ್ಲಿ ಗೆಳೆಯ ಗಾಲಂಬೋಸ್ ಜೊತೆ ಸೇರಿ ಅವರು ಇದನ್ನು ಪ್ರಕಟಿಸಿದರು. ತೆಲುಗು ಬಲ್ಲ ಕೇಳುಗರಿಗೆ ಒಂದು ಮಾತು: ಜಾಷುವಾ ಅವರ ‘ಗಬ್ಬಿಲಂ’ ಕಾವ್ಯ ಬಂದದ್ದೂ ಅದೇ 1941ರಲ್ಲಿ. ಅಲ್ಲಿ ಒಬ್ಬ ನೊಂದ ಮನುಷ್ಯ ಕಾಶಿಯ ಶಿವನಿಗೆ ಬಾವಲಿಯ ಕೈಯಲ್ಲಿ ದೂರು ಹೇಳಿ ಕಳಿಸುತ್ತಾನೆ.

ಇದರ ಗುಟ್ಟು ಸುಲಭ. ಆದೋನಿಯ ಕೋಟೆ ಬೆಟ್ಟದೆದುರು ನಿಂತು ಕೂಗಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮಾರ್ದನಿ ಒಂದು ಸೆಕೆಂಡಿಗೆ ಬಂದರೆ ಬಂಡೆ 170 ಮೀಟರ್ ದೂರ. ಬಾವಲಿ ಈ ಲೆಕ್ಕವನ್ನು ಹುಳುವಿನ ಮೇಲೆ ಮಾಡುತ್ತದೆ. ಬೇಟೆ ಹತ್ತಿರವಾದಂತೆ ಕೂಗು ದಟ್ಟವಾಗಿ, ಕೊನೆಗೆ ಒಂದೇ ಗುಂಯ್‌ಗುಟ್ಟುವಿಕೆ ಆಗುತ್ತದೆ.

ಈಗ ಕಡಲಿಗೆ ಹೋಗೋಣ. ‘ತಿಮಿಂಗಿಲದ ವಾಂತಿ’ ಸಾಗಿಸಿ ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ಓದಿರುತ್ತೀರಿ. ಆ ವಸ್ತು ಸ್ಪರ್ಮ್ ತಿಮಿಂಗಿಲದ್ದು. ಹಲ್ಲಿರುವ ತಿಮಿಂಗಿಲಗಳಲ್ಲಿ ಅದೇ ದೊಡ್ಡದು. ದೇಹದ ಮೂರರಲ್ಲಿ ಒಂದು ಪಾಲು ತಲೆಯೇ, ತಲೆ ತುಂಬ ಎಣ್ಣೆ. ಹಡಗಿನ ತಳದಲ್ಲಿ ಸುತ್ತಿಗೆ ಬಡಿದಂತೆ ಸದ್ದು ಕೇಳುತ್ತಿದ್ದ ಹಳೆಯ ನಾವಿಕರು, ಇದು ‘ಬಡಗಿ ಮೀನು’ ಎನ್ನುತ್ತಿದ್ದರು. ಆ ಬಡಗಿ ಈ ತಿಮಿಂಗಿಲ ಎಂದು 1957ರಲ್ಲಿ ವರ್ದಿಂಗ್‌ಟನ್ ಮತ್ತು ಶೆವಿಲ್ ವರದಿ ಮಾಡಿದರು. ಮೂಗಿನ ತುದಿಯಲ್ಲಿ ಹುಟ್ಟಿದ ಟಕ್ ಎಂಬ ಸದ್ದು ಎಣ್ಣೆಯ ಮೂಲಕ ಹಿಂದಕ್ಕೆ ಹೋಗಿ, ಬುರುಡೆಯ ಮುಂದಿನ ಗಾಳಿಚೀಲಕ್ಕೆ ತಾಗಿ, ತಿರುಗಿ ಮುಂದಕ್ಕೆ ಚಿಮ್ಮುತ್ತದೆ. ಸಾವಿರ ಮೀಟರ್ ಕೆಳಗೆ ಸೂರ್ಯನ ಬೆಳಕಿಲ್ಲ. ಅಲ್ಲಿ ಅದು ಹೀಗೆ ಟಕಟಕ ಬಡಿದುಕೊಂಡೇ ಸ್ಕ್ವಿಡ್‌ಗಳನ್ನು ಹುಡುಕುತ್ತದೆ. 2000ದ ಆಚೆಗೆ ಬೆನ್ನಿಗೆ ಅಂಟಿಸುವ ಪುಟ್ಟ ಯಂತ್ರಗಳು ಬಂದ ಮೇಲೆ ಕೇಳಿದರೆ, ಬೇಟೆ ಹಿಡಿಯುವ ಹೊತ್ತಿಗೆ ಅದೇ ಬಾವಲಿಯ ಗುಂಯ್‌ಗುಟ್ಟುವಿಕೆ!

ಇನ್ನೊಂದು ತಿಮಿಂಗಿಲವಿದೆ, ಕೊಕ್ಕಿನ ಮೋರೆಯದು. 1823ರಲ್ಲಿ ಒಂದು ತಲೆಬುರುಡೆ ನೋಡಿ, ಈ ಜಾತಿ ಅಳಿದುಹೋಗಿದೆ ಎಂದು ತಿಳಿದು ವರ್ಣಿಸಿದವರು ನಮ್ಮ ಅದೇ ಕ್ಯೂವಿಯೆ. ಅದು ಅಳಿದಿರಲಿಲ್ಲ. ಇಂದು ಅದಕ್ಕೆ ಅವರದೇ ಹೆಸರು. 2014ರಲ್ಲಿ ವರದಿಯಾದ ಅದರ ಒಂದು ಮುಳುಗು 2,992 ಮೀಟರ್. 2020ರಲ್ಲಿ ವರದಿಯಾದ ಇನ್ನೊಂದು 222 ನಿಮಿಷ. ಕಿವಿಯಿಂದ ನೋಡುವುದನ್ನು ನಂಬದ ಪಂಡಿತನ ಹೆಸರು, ಕಿವಿಯನ್ನೇ ನಂಬಿ ಅಷ್ಟು ಆಳಕ್ಕೆ ಇಳಿಯುವ ಪ್ರಾಣಿಗೆ!

ಕಿವಿಯೇ ಕಣ್ಣಾದವರಿಗೆ ಗದ್ದಲ ದೊಡ್ಡ ಕಂಟಕ. 2000ದ ಮಾರ್ಚಿನಲ್ಲಿ ಬಹಾಮಾಸ್ ದಂಡೆಗೆ 17 ಕಡಲ ಪ್ರಾಣಿಗಳು ಬಂದು ಬಿದ್ದವು. ಹೆಚ್ಚಿನವು ಕೊಕ್ಕಿನ ತಿಮಿಂಗಿಲಗಳು. ಸಬ್‌ಮರೀನ್ ಹುಡುಕಲು ನೌಕಾಪಡೆ ನೀರಿಗೆ ಬಿಡುವ ಸೋನಾರ್ ಸದ್ದೇ ಇದಕ್ಕೆ ಕಾರಣವಿರಬೇಕೆಂದು ಮರುವರ್ಷದ ಅಮೆರಿಕ ಸರ್ಕಾರದ ವರದಿ ಒಪ್ಪಿತು.

ನೆಲದ ಮೇಲಿನ ಸಂಕಟ ಬೇರೆ ಬಗೆಯದು. ಕೋಲಾರದ ಹನುಮನಹಳ್ಳಿಯ ಬಂಡೆಗವಿಯೊಂದರಲ್ಲಿ, 1994ರಲ್ಲಿ ಮೊದಲು ವರ್ಣಿಸಲಾದ ಎಲೆಮೂಗಿನ ಬಾವಲಿ ಇದೆ. ಹತ್ತಿರದ ತೇರಹಳ್ಳಿಯಲ್ಲಿ ಮೊದಲು ಕಂಡಿತ್ತು, ಆಮೇಲೆ ಹುಡುಕಿದರೆ ಸಿಗಲಿಲ್ಲ. ಉಳಿದಿರುವವು 200ಕ್ಕೂ ಕಡಿಮೆ ಎಂಬುದು ಅಂದಾಜು. ಸುತ್ತಲಿನ ಗ್ರಾನೈಟ್ ಗಣಿಗಾರಿಕೆಯೇ ಅದಕ್ಕೆ ಮೊದಲ ಭಯ. ಅದರ ಕೂಗನ್ನು ಯಂತ್ರದಲ್ಲಿ ಹಿಡಿದವರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದವರು: ಸೆಕೆಂಡಿಗೆ ಒಂದು ಲಕ್ಷ ಕಂಪನಕ್ಕೂ ಹೆಚ್ಚು. ನಮ್ಮ ಕಿವಿ 20,000ಕ್ಕೇ ನಿಲ್ಲುತ್ತದೆ. ಆ ಗವಿಯ ಬಾಯಲ್ಲಿ ನೀವು ನಿಂತರೂ ಕೇಳುವುದು ರೆಕ್ಕೆಯ ಸದ್ದು ಮಾತ್ರ.