ಹೆಸರು ಅದೇ, ತೊಲೆ ಬೇರೆ

1895ರಲ್ಲಿ ಲಂಡನ್ನಿನ ಕಬ್ಬಿಣದ ವ್ಯಾಪಾರಿ ಎಚ್. ಜೆ. ಸ್ಕೆಲ್ಟನ್ ‘ದಿ ಟೈಮ್ಸ್’ ಪತ್ರಿಕೆಗೆ ಒಂದು ಕಾಗದ ಬರೆದ. ಉಕ್ಕಿನ ತೊಲೆಗಳು ಬೆಲ್ಜಿಯಂ, ಜರ್ಮನಿಗಳಿಂದ ಬ್ರಿಟನ್ನಿಗೆ ಬರುತ್ತಿದ್ದ ಕಾಲ. ಆತ ದೂರಿದ್ದು ತನ್ನ ದೇಶದ ಎಂಜಿನಿಯರುಗಳನ್ನೇ. ಒಬ್ಬೊಬ್ಬರೂ ತಮಗೆ ತೋಚಿದ ಅಳತೆ ಕೇಳಿದರೆ ಕಾರ್ಖಾನೆ ಎಡೆಬಿಡದೆ ನಡೆಯುವುದು ಹೇಗೆ? ತೊಲೆಯ ಆಕಾರ ಬದಲಾದಾಗಲೆಲ್ಲ ಮಿಲ್ಲಿನ ರೋಲರುಗಳನ್ನು ಬದಲಿಸಬೇಕು, ಅಷ್ಟು ಹೊತ್ತು ಮಿಲ್ಲು ನಿಲ್ಲಬೇಕು.

1901ರಲ್ಲಿ ಟವರ್ ಬ್ರಿಡ್ಜ್ ಖ್ಯಾತಿಯ ಜಾನ್ ವುಲ್ಫ್ ಬ್ಯಾರಿಯ ಒತ್ತಾಯದಿಂದ ಒಂದು ಸಮಿತಿ ಕೂತಿತು. ಉಕ್ಕಿನ ಸೆಕ್ಷನ್ನುಗಳ ಅಳತೆ 175ರಿಂದ 113ಕ್ಕೆ ಇಳಿಯಿತು, ಟ್ರಾಮ್ ಹಳಿಗಳದ್ದು 75ರಿಂದ 5ಕ್ಕೆ.

ನಮ್ಮಲ್ಲಿ ಈ ಕೆಲಸ ಮಾಡಿದ್ದು 1957ರ ಐಎಸ್ 808. ಐಎಸ್‌ಎಂಬಿ 200 ಎಂದರೆ ಮಧ್ಯಮ ತೂಕದ, 200 ಮಿ.ಮೀ. ಎತ್ತರದ ತೊಲೆ. ಹೆಸರಲ್ಲಿ ಎತ್ತರವಿದೆ, ದಪ್ಪವಿಲ್ಲ. ತೊಡಕು ಅಲ್ಲೇ. 1964ರ ಪಟ್ಟಿಯಲ್ಲಿ ಇದರ ಫ್ಲ್ಯಾಂಜ್ ದಪ್ಪ 10.8 ಮಿ.ಮೀ., ಮೀಟರಿಗೆ ತೂಕ 25.4 ಕಿಲೊ. 1989ರ ಪರಿಷ್ಕರಣೆಯಲ್ಲಿ 10 ಮಿ.ಮೀ., 24.2 ಕಿಲೊ. ಬಾಗುವಿಕೆಯನ್ನು ತಡೆಯುವ ಶಕ್ತಿಯ ಲೆಕ್ಕಕ್ಕೆ ಬೇಕಾದ ಸೆಕ್ಷನ್ ಮಾಡ್ಯುಲಸ್ 223.5ರಿಂದ 212 ಘನ ಸೆಂ.ಮೀ.ಗೆ ಇಳಿಯಿತು. ಜನರ ಬಾಯಲ್ಲಿ ಹೆಸರು ಮಾತ್ರ ಹಾಗೇ ಉಳಿಯಿತು. ಪದ ಉಳಿದು ಅರ್ಥ ಜಾರುವುದು ಭಾಷೆಯವರಿಗೆ ಹೊಸದಲ್ಲ. ಆದರೆ ನಿಘಂಟಿನ ಮೇಲೆ ಯಾರೂ ಕ್ರೇನ್ ನಿಲ್ಲಿಸುವುದಿಲ್ಲ.

ಈಗ ಇದು ಕಂಪ್ಯೂಟರಿನೊಳಗಿನ ತಾಪತ್ರಯ. ಸಾಲಿಡ್‌ವರ್ಕ್ಸ್‌ನಲ್ಲಿ ವೆಲ್ಡಿಂಗ್ ಫ್ರೇಮ್ ಮಾಡುವವರು ಮೊದಲು ಬರೀ ಗೆರೆಗಳ ಹಂದರ ಎಳೆದು, ಆಮೇಲೆ ಲೈಬ್ರರಿಯಿಂದ ಪ್ರೊಫೈಲ್ ಆರಿಸಿ ಅದಕ್ಕೆ ಮೈ ತುಂಬುತ್ತಾರೆ. ಲೈಬ್ರರಿ ಎಂದರೆ ಮೂರು ಮೆಟ್ಟಿಲು: ಮಾನದಂಡ, ಬಗೆ, ಅಳತೆ. ಆರಿಸಿದ ಕೂಡಲೇ ಪ್ರೊಫೈಲಿನ ನಕಲು ಮಾಡೆಲ್ಲಿನೊಳಗೆ ಸೇರಿಬಿಡುತ್ತದೆ. ಆಮೇಲೆ ಯಾರೋ ಲೈಬ್ರರಿಯ ಫೈಲನ್ನೇ ತಿದ್ದಿದರೆ ಹಳೆಯ ಫ್ರೇಮು ತಾನಾಗಿ ಬದಲಾಗದು. ಎರಡು ಮಾಡೆಲ್ಲುಗಳ ಕಟ್ ಲಿಸ್ಟಿನಲ್ಲೂ ಹೆಸರು ಒಂದೇ, ತೊಲೆ ಎರಡು. ಫ್ಲ್ಯಾಂಜುಗಳ ನಡುವಿನ ಅಂತರದಲ್ಲಿ 1.6 ಮಿ.ಮೀ. ವ್ಯತ್ಯಾಸ, ಒಂದಕ್ಕೆಂದು ಕತ್ತರಿಸಿದ ಸ್ಟಿಫ್ನರ್ ಪ್ಲೇಟು ಇನ್ನೊಂದರಲ್ಲಿ ಕೂರದು.

ನನ್ನ ಮಟ್ಟಿಗೆ ಹಳೆಯ ಫೈಲು ತಿದ್ದುವುದೇ ತಪ್ಪು. ‘ಐಎಸ್ 808-1989’ ಎಂದು ಇಸವಿ ಸಮೇತ ಬೇರೆ ಫೋಲ್ಡರ್ ಮಾಡಿ, ಹಳೆಯದಕ್ಕೆ ಬೀಗ ಹಾಕಬೇಕು. ಕಂಪನಿ ಕೊಳ್ಳದ ಅಳತೆಗಳನ್ನು ಲೈಬ್ರರಿಯಿಂದ ತೆಗೆದೇ ಹಾಕಬೇಕು. ಸ್ಕೆಲ್ಟನ್ ಕೇಳಿದ್ದೂ ಇಷ್ಟೇ ತಾನೆ?