ಉಚಿತ ಅಕ್ಷರದ ಕೂಲಿ: ಕನ್ನಡ ತಂತ್ರಾಂಶದ ಅರ್ಥಚರಿತ್ರೆ

ನುಡಿ ತಂತ್ರಾಂಶದಲ್ಲಿ ‘ತಿರುಮಣಿ’ ಎಂದು ಮೂಡಿಸಲು ಏಳು ಕೀಲಿ ಸಾಕು: ಟಿ, ಐ, ಆರ್, ಯು, ಎಂ, ಶಿಫ್ಟ್ ಹಿಡಿದು ಎನ್, ಮತ್ತೆ ಐ. ‘ಮ’ ಬರಲು ಬೇರೆ ‘ಎ’ ಒತ್ತಬೇಕಿಲ್ಲ. ಕನ್ನಡದ ವ್ಯಂಜನ ಅಕಾರವನ್ನು ಹೊತ್ತೇ ಬರುತ್ತದೆ ಎಂಬ ವ್ಯಾಕರಣದ ತಿಳಿವಳಿಕೆ ಆ ವಿನ್ಯಾಸದಲ್ಲೇ ಅಡಗಿದೆ. ಪಾವಗಡದಂಥ ತಾಲ್ಲೂಕು ಕೇಂದ್ರದಲ್ಲಿ ಅರ್ಜಿ ಬರೆಸುವವರು ಪುಟಕ್ಕಿಷ್ಟು ಎಂದು ಟೈಪಿಂಗ್ ಅಂಗಡಿಗೆ ಹಣ ಕೊಡುತ್ತಾರೆ. ನುಡಿಗೆ ಯಾರೂ ಕಾಸು ಕೊಡುವುದಿಲ್ಲ. ಹಾಗಾದರೆ ಅದನ್ನು ಬರೆದವರ ಕೂಲಿ ತೆತ್ತವರು ಯಾರು?

ಈ ಕೀಲಿಮಣೆ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಮುದ್ರಣೋದ್ಯಮದಲ್ಲಿ ದುಡಿದ ಅವರು ವಿನ್ಯಾಸವನ್ನೂ, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಂತ್ರಾಂಶವನ್ನೂ ಕನ್ನಡಿಗರಿಗೆ ಉಚಿತವಾಗಿ ಕೊಟ್ಟರು. ಮನೆ ನಡೆದದ್ದು ನೌಕರಿಯ ಸಂಬಳದಿಂದ. ಅವರ ಕೊಡುಗೆಯ ಹಿಂದೆ ಅದೆಷ್ಟು ಸಂಜೆಗಳಿವೆಯೋ, ಯಾವ ಲೆಕ್ಕಪುಸ್ತಕದಲ್ಲೂ ಅವು ಜಮೆಯಾಗಿಲ್ಲ.

ಶ್ರೀಲಿಪಿ, ಪ್ರಕಾಶಕ, ಆಕೃತಿ ಎಂಬ ತಂತ್ರಾಂಶಗಳದು ಇನ್ನೊಂದು ದಾರಿ. ಅವುಗಳ ಕಂಪನಿಗಳು ಎಂಜಿನಿಯರುಗಳಿಗೆ ಸಂಬಳ ಕೊಟ್ಟು ತಂತ್ರಾಂಶ ಬರೆಸಿ, ಮುದ್ರಣಾಲಯಗಳಿಗೆ ಮಾರಿದವು. ಶ್ರೀಲಿಪಿ ನಡೆಯಬೇಕಾದರೆ ಡಾಂಗಲ್ ಎಂಬ ಬೀಗ ಸಿಕ್ಕಿಸಬೇಕಿತ್ತು. ಪುಕ್ಕಟೆಯಾಗಿ ವೃತ್ತಿಪರ ಕೆಲಸ ಮಾಡಲು ಯಾರಿಗೆ ಕಟ್ಟೀತು ಎಂದು ಬಿಲ್ ಗೇಟ್ಸ್ 1976ರಲ್ಲಿ ಗಣಕ ಹವ್ಯಾಸಿಗಳಿಗೆ ಬರೆದ ಬಹಿರಂಗ ಪತ್ರದಲ್ಲಿ ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದಲ್ಲಿದ್ದ ಶೇಷಾದ್ರಿವಾಸು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು, ಮುಂದೆ ಅದರ ಹೊಸ ಆವೃತ್ತಿಗಳಿಗೆ ಬೆಲೆ ಬಂತು. ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ವರ್ಷಗಟ್ಟಲೆ ಅದರಲ್ಲೇ ಬರೆದ ನಾವು ಎಷ್ಟು ಮಂದಿ ಒಂದು ರೂಪಾಯಿ ಕಳಿಸಿದ್ದೆವು?

ಕನ್ನಡ ಗಣಕ ಪರಿಷತ್ತಿನ ನುಡಿಗೆ ಬೆಂಬಲವಾಗಿ ನಿಂತದ್ದು ಸರ್ಕಾರ. ಅಂದರೆ ಅಲ್ಲಿ ತೆತ್ತವರು ತೆರಿಗೆದಾರರು. ಆದರೆ ಅದು ಉಚಿತವಾಯಿತೇ ಹೊರತು ಮುಕ್ತವಾಗಲಿಲ್ಲ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆ ಸಾರಿದಾಗ ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಪದ ಎರಡು ಅರ್ಥ ಕೊಟ್ಟು ಗೊಂದಲವೆಬ್ಬಿಸಿತ್ತು. ಮುಕ್ತ ತಂತ್ರಾಂಶವನ್ನು ಮಾರಬಹುದು, ದುರಸ್ತಿಗೆ ಹಣ ಪಡೆಯಬಹುದು. ಮೂಲಸಂಕೇತವನ್ನು ಮಾತ್ರ ಬಚ್ಚಿಡುವಂತಿಲ್ಲ. ನಮ್ಮಲ್ಲಿ ಎರಡಕ್ಕೂ ಬೇರೆಬೇರೆ ಪದಗಳಿದ್ದವು. ಆದರೂ ಬೆಲೆ ಇಲ್ಲವೆಂಬುದಷ್ಟಕ್ಕೇ ತೃಪ್ತರಾದೆವು. ಜನರ ಹಣದಿಂದಾದ ಕೆಲಸದ ಮೂಲಸಂಕೇತ ಜನರ ಕೈಗೆ ಬರಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಉಚಿತದ ಹಿಂದಿನ ಕೂಲಿ ಯಾರದೆಂಬ ಈ ಲೆಕ್ಕ ಪಾವಗಡ ತಾಲ್ಲೂಕಿನ ತಿರುಮಣಿಯ ಜನರಿಗೆ ಹೊಸದಲ್ಲ. ಅಲ್ಲಿ 2018ರಲ್ಲಿ ಉದ್ಘಾಟನೆಯಾದ ಸೌರ ಉದ್ಯಾನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಬಿಸಿಲಿಗೆ ಬೆಲೆಯಿಲ್ಲ, ನೆಲಕ್ಕೆ ಮಾತ್ರ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ನಿಗದಿಯಾಯಿತು. ಗುತ್ತಿಗೆ ಸೇರಿದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕಿತ್ತು ಬದುಕಿದ ಕೂಲಿಯವರಿಗೆ ಪಹಣಿ ಎಲ್ಲಿತ್ತು? ಸಂಬಳವಿಲ್ಲದೆ ತಂತ್ರಾಂಶದ ದೋಷ ತಿದ್ದುವವರನ್ನು ನೆನೆದಾಗ ನನ್ನ ಕಣ್ಣ ಮುಂದೆ ಬರುವುದು ಆ ಕೂಲಿಯವರೇ.

ಫಾಂಟಿಗೊಂದು ಸಂಕೇತ ಕಟ್ಟಿಕೊಂಡದ್ದರ ಬೆಲೆ ಕಡತಗಳಲ್ಲಿ ಕಾಣುತ್ತದೆ. 1991ರ ಜಾಗತಿಕ ಸಂಕೇತಮಾನಕವಾದ ಯುನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೂ ಬಹುಕಾಲ ನಮ್ಮ ದಾಖಲೆಗಳು ಫಾಂಟಿನ ಸಂಕೇತಗಳಲ್ಲೇ ಉಳಿದವು. ಹಳೆಯ ನುಡಿ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ‘ತಿ’ ಇರಬೇಕಾದಲ್ಲಿ ರೋಮನ್ನಿನ ಡಬ್ಲ್ಯು ಕೂತಿರುತ್ತದೆ, ‘ರು’ ಇರಬೇಕಾದಲ್ಲಿ ಜಿ ಮತ್ತು ಅದರ ಬೆನ್ನಿಗೆ ಎರಡು ಅಪರಿಚಿತ ಚಿಹ್ನೆಗಳು. ಅದನ್ನು ಮತ್ತೆ ‘ತಿರುಮಣಿ’ಯಾಗಿಸುವ ಪರಿವರ್ತಕಗಳನ್ನು ಸ್ವಯಂಸೇವಕರು ತಮ್ಮ ಬಿಡುವಿನ ವೇಳೆಯಲ್ಲಿ ಬರೆದು, ಮೂಲಸಂಕೇತದ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ.